ಅಪ್ಪನ ಪಾಲಿನ ಹೊಗೆಗೂಡು

ನನ್ನ ಗಂಟಲೊಳಗೆ ಎಷ್ಟು ಜನ ವಾಸವಾಗಿದ್ದಾರೆ ಎಂದು ಯಾರಾದರೂ ಕೇಳಿದರೆ ಒಂದು ಊರಿನಷ್ಟು ಎನ್ನುತ್ತೇನೆ. ಕೊಳ್ಳೇಗಾಲದಿಂದ ಹನೂರಿನವರೆಗೆ ಯಾರ ಮದುವೆಯಲ್ಲಿ ಮೈಕು ಸಿಕ್ಕಿದರೂ ನನಗೆ ಸಾಕು. ಮದುಮಗನ ಸೋದರಮಾವನನ್ನು ಊಟದ ಪಂಕ್ತಿಯಲ್ಲಿ ಒಂದಿಷ್ಟು ಹೊತ್ತು ಗಮನಿಸಿಕೊಂಡು, ಸ್ಟೇಜಿನ ಮೇಲೆ ಅವನಂತೆಯೇ ಕೆಮ್ಮಿ, ಅವನಂತೆಯೇ ಅಡುಗೆಯವರನ್ನು ಬೈದು, ಕೊನೆಗೆ ಅವನ ಕೈಯಿಂದಲೇ ಎರಡನೇ ಒಬ್ಬಟ್ಟು ಹಾಕಿಸಿಕೊಂಡು ಬರುತ್ತೇನೆ. ಇದನ್ನು ಮಿಮಿಕ್ರಿ ಎನ್ನುತ್ತಾರೆ. ನಮ್ಮವ್ವ ಇದನ್ನು ಕೆಟ್ಟ ಚಾಳಿ ಎನ್ನುತ್ತಾಳೆ. ಇಬ್ಬರ ಮಾತೂ ಸರಿಯೇ. ಆದರೆ ಈ ಗಂಟಲಿಗೆ ಮೊದಲು ಬಾಡಿಗೆಗೆ ಬಂದವರು ಇಬ್ಬರೇ: ಒಬ್ಬ ನಮ್ಮಪ್ಪ, ಇನ್ನೊಬ್ಬ ನಮ್ಮ ಚಿಕ್ಕಪ್ಪ. ಅವರಿಬ್ಬರೂ ಒಬ್ಬರಿಗೊಬ್ಬರು ಮಾತು ಬಿಟ್ಟದ್ದರಿಂದ ಅವರ ಮಾತೆಲ್ಲ ನನ್ನ ಬಾಯಿಗೆ ಬಂದು ಬಿತ್ತು. ಅವರ ಮಾತು ನನ್ನಿಂದ ಬಿಡುಗಡೆಯಾದದ್ದು ನಮ್ಮ ಮನೆಯ ನೆತ್ತಿಯ ಮೇಲೆ ನೇತಾಡುತ್ತಿದ್ದ ಒಂದು ಅರ್ಧ ಹೊಗೆಗೂಡಿನಿಂದ.

ಯಳಂದೂರಿನಿಂದ ಹೊನ್ನೂರಿಗೆ ಬರುವ ಆಟೋದವರಿಗೆ ಇವತ್ತಿಗೂ ‘ಆಲೆಮನೆ ಮನೆ’ ಎಂದರೆ ನಮ್ಮ ಬಾಗಿಲಿಗೇ ತಂದು ಇಳಿಸುತ್ತಾರೆ. ನಮ್ಮ ತಾತ ಕಬ್ಬು ಅರೆದು ಬೆಲ್ಲ ಮಾಡುವ ಆಲೆಮನೆ ಕಟ್ಟಿಸಿದ್ದವನು. ಅದರ ಹೊಗೆಗೂಡು ಎತ್ತಿದ ಗಾರೆಯವನ ಕೆಲಸ ಅವನಿಗೆ ಎಷ್ಟು ಹಿಡಿಸಿತೆಂದರೆ, ಅದೇ ಕೈಯಲ್ಲಿ, ಅದೇ ಅಳತೆಯಲ್ಲಿ, ಮನೆಯ ಅಡುಗೆಕೋಣೆಗೂ ಒಂದನ್ನು ಕಟ್ಟಿಸಿಬಿಟ್ಟ. ಬೆಲ್ಲದ ಕೊಪ್ಪರಿಗೆಗೆ ಬೇಕಾದ ಹೊಗೆಗೂಡು ನಮ್ಮ ಮುದ್ದೆಯ ಮಡಕೆಗೆ ಸಿಕ್ಕಿತು. ಒಲೆಯ ಎರಡು ಮಗ್ಗುಲಿನಿಂದ ಇಟ್ಟಿಗೆಯ ಗೋಡೆಗಳು ಎದ್ದು, ಮೇಲೆ ಕಮಾನಾಗಿ ಕೂಡುತ್ತಿದ್ದವು; ಅಲ್ಲಿಂದ ಹೊಗೆಗೂಡು ಅಟ್ಟದ ಹಲಗೆಗಳನ್ನು ತೂರಿ, ಅಟ್ಟದ ನಡುವೆ ಆನೆಯ ಕಾಲಿನಂತೆ ನಿಂತು, ಹೆಂಚಿನ ಸೂರನ್ನು ದಾಟಿ ಆಕಾಶ ನೋಡುತ್ತಿತ್ತು. ಅದರ ಬುಡದಲ್ಲಿ, ಒಲೆಯ ಎಡಪಕ್ಕಕ್ಕೆ, ಅಜ್ಜಿಯ ಹಾಸಿಗೆ. ಅಜ್ಜಿಗೆ ದೇವಮ್ಮಣ್ಣಿ ಎಂದು ಹೆಸರು. ಮದುವೆಯಾಗಿ ಬಂದ ವರ್ಷದಿಂದ ಅವಳು ಮಲಗಿದ್ದು ಅಲ್ಲೇ ಎಂದು ಹೇಳುತ್ತಿದ್ದಳು. ಮಧ್ಯೆ ಎರಡು ಮಕ್ಕಳು ಹೇಗಾದವು ಎಂದು ನಾನು ದೊಡ್ಡವನಾದ ಮೇಲೆ ಒಮ್ಮೆ ಕೇಳಿ ಪೊರಕೆಯಲ್ಲಿ ಏಟು ತಿಂದಿದ್ದೇನೆ. ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡದ ಬಿಸಿ ಅವಳ ಬೆನ್ನಿಗೆ, ಅವಳ ಕತೆಗಳ ಬಿಸಿ ನನ್ನ ಕಿವಿಗೆ. ನನ್ನ ಚಿಕ್ಕಂದಿನ ವಾಸನೆ ಯಾವುದು ಎಂದರೆ ಹುಣಸೆ ಸೌದೆಯ ಹೊಗೆ, ಸುಟ್ಟ ಬದನೆಕಾಯಿ ಮತ್ತು ಅಜ್ಜಿಯ ಎಲೆಯಡಿಕೆ.

ಅಪ್ಪ, ಚಿಕ್ಕಪ್ಪ ಬೇರೆಯಾದದ್ದು ಕಬ್ಬಿನ ದೆಸೆಯಿಂದ. ಕಬ್ಬನ್ನು ಫ್ಯಾಕ್ಟರಿಗೆ ಹಾಕೋಣ ಎಂದು ಅಪ್ಪ, ನಮ್ಮ ಆಲೆಮನೆಯಲ್ಲೇ ಅರೆಯೋಣ ಎಂದು ಚಿಕ್ಕಪ್ಪ. ಅಪ್ಪನ ಹೆಸರು ಶಿವಮಲ್ಲಪ್ಪ. ಮಾತು ಕಡಿಮೆ, ಪ್ರತಿ ಮಾತಿನ ಮುಂದೆ ಮೂಗಿನಲ್ಲಿ ಒಂದು ‘ಹ್ಞೂಂ’. ಚಿಕ್ಕಪ್ಪನ ಹೆಸರು ಗುರುಸ್ವಾಮಿ. ಮಾತು ಜಾಸ್ತಿ, ಸಿಟ್ಟು ಬಂದರೆ ದನಿ ಮೇಲೇರುತ್ತಾ ಏರುತ್ತಾ ಕೊನೆಯಲ್ಲಿ ಕೋಳಿಯಂತೆ ಒಡೆದುಹೋಗುತ್ತಿತ್ತು. ಊರಿನ ಹಿರಿಯರು ನಾಲ್ಕು ಜನ ಬಂದು ಜಗಲಿಯ ಮೇಲೆ ಕೂತು ನ್ಯಾಯ ಮಾಡಿದರು. ಮನೆಯ ನಡುವಿನ ತೊಟ್ಟಿ ಅಂಗಳದ ಪೂರ್ವದ ಕೋಣೆಗಳು ಅಪ್ಪನಿಗೆ, ಪಶ್ಚಿಮದವು ಚಿಕ್ಕಪ್ಪನಿಗೆ. ಅಡುಗೆಕೋಣೆ ಚಿಕ್ಕಪ್ಪನಿಗೆ ಹೋಯಿತು. ಅದಕ್ಕೆ ಸರಿತೂಗಿಸಲು ಅದರ ನೆತ್ತಿಯ ಮೇಲಿನ ಅಟ್ಟವನ್ನು ಅಪ್ಪನಿಗೆ ಕೊಟ್ಟರು. ಹೇಗೂ ಏಣಿ ನಮ್ಮ ಕಡೆಯಿತ್ತು. ಅಜ್ಜಿಯನ್ನೂ ಪಾಲು ಮಾಡಿದರು: ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆವರೆಗೆ ಒಂದೊಂದು ಮನೆಯಲ್ಲಿ ಊಟ, ಮಲಗುವುದು ಮಾತ್ರ ಮೊದಲಿನ ಜಾಗದಲ್ಲೇ. ಇಷ್ಟೆಲ್ಲ ಅಚ್ಚುಕಟ್ಟಾಗಿ ಹಂಚಿದ ದೊಡ್ಡವರಿಗೆ, ಅಡುಗೆಕೋಣೆಯಲ್ಲಿ ಹುಟ್ಟಿ ಅಟ್ಟದಲ್ಲಿ ಬೆಳೆದ ಹೊಗೆಗೂಡು ಯಾರದು ಎಂದು ಕೇಳಬೇಕೆನ್ನಿಸಲಿಲ್ಲ. ಅದು ಒಂದೇ ವಸ್ತು ಎಂಬುದೇ ಯಾರಿಗೂ ಹೊಳೆದಿರಲಿಲ್ಲ.

ಅವತ್ತಿನಿಂದ ನನಗೆ ಉದ್ಯೋಗ ಸಿಕ್ಕಿತು. ತೊಟ್ಟಿಯ ಆಚೆಯಿಂದ ಈಚೆಗೆ, ಈಚೆಯಿಂದ ಆಚೆಗೆ ಮಾತು ಹೊರುವ ಕೆಲಸ. ನಮ್ಮವ್ವ ಮತ್ತು ಚಿಕ್ಕವ್ವ ರತ್ನ ಮಾತು ಬಿಟ್ಟಿರಲೇ ಇಲ್ಲ. ಚಿಕ್ಕವ್ವ ಅಜ್ಜೀಪುರದ ಕಡೆಯವಳು, ಮಾತಿನ ನಡುವೆ ಎರಡು ತಮಿಳು ಪದ ಬೆರೆಸುವವಳು. ನೀರಿನ ತೊಟ್ಟಿಯ ಹತ್ತಿರ ಇಬ್ಬರೂ ಗಂಟೆಗಟ್ಟಲೆ ಪಿಸುಗುಟ್ಟಿ, ಗಂಡಸರ ಚಪ್ಪಲಿ ಸದ್ದು ಕೇಳಿದ ಕೂಡಲೇ ಮುಖ ತಿರುಗಿಸಿ ನಿಲ್ಲುತ್ತಿದ್ದರು. ನಾನು ಕಂಡ ಒಳ್ಳೆಯ ನಟಿಯರಲ್ಲಿ ಅವರೂ ಇಬ್ಬರು. ಗಂಡಸರಿಗೆ ಮಾತ್ರ ನಾನೇ ಬೇಕು. ಮೊದಲು ಬರೀ ವಿಷಯ ಹೇಳುತ್ತಿದ್ದೆ. ಅದು ಅವರಿಗೆ ಸಾಲದಾಯಿತು. ಏನು ಹೇಳಿದ ಎನ್ನುವುದಕ್ಕಿಂತ ಹೇಗೆ ಹೇಳಿದ ಎಂಬುದೇ ಮುಖ್ಯವಾಗಿತ್ತು. ‘ಅಂವ ಎಂಗಂದ? ಅಂಗೇ ಏಳು’ ಎಂದು ಅಪ್ಪ ಹೇಳಿದ್ದೇ ನನ್ನ ಮೊದಲ ಅವಕಾಶ. ನಾನು ಚಿಕ್ಕಪ್ಪನ ದನಿ ಏರಿಸಿ, ಕೊನೆಯಲ್ಲಿ ಕೋಳಿಯಂತೆ ಒಡೆಸಿ ತೋರಿಸಿದೆ. ಅಪ್ಪನಿಗೆ ನಗು ಬಂದು, ಅದು ತಮ್ಮನ ಮೇಲಿನ ನಗುವಾದ್ದರಿಂದ ಸಿಟ್ಟೂ ಬಂದು, ನನ್ನ ಬೆನ್ನಿಗೆ ಒಂದು ಬಿಟ್ಟ. ಚಿಕ್ಕಪ್ಪನಿಗೆ ಬೀಳಬೇಕಾದ ಏಟುಗಳು ಅವತ್ತಿನಿಂದ ನನ್ನ ವಿಳಾಸಕ್ಕೆ ಬರತೊಡಗಿದವು. ಆಚೆ ಹೋಗಿ ಅಪ್ಪನ ‘ಹ್ಞೂಂ’ ಹಾಕಿದರೆ ಚಿಕ್ಕಪ್ಪ ನನ್ನನ್ನೇ ‘ಅಣ್ಣ ಅಂತ ಸುಮ್ನಿದ್ದೀನಿ’ ಎಂದು ಬೈಯುತ್ತಿದ್ದ. ಕಲಾವಿದನ ಬದುಕು ಕಷ್ಟದ್ದು ಎಂದು ಆ ವಯಸ್ಸಿಗೇ ಅರಿವಾಯಿತು. ಆದರೂ ನಿಲ್ಲಿಸಲಿಲ್ಲ. ಚಿಕ್ಕವ್ವ ಪ್ರತಿ ಸಲವೂ ಸೆರಗು ಬಾಯಿಗೆ ತುಂಬಿಕೊಂಡು ನಗುತ್ತಿದ್ದಳಲ್ಲ.

ಅಡುಗೆಕೋಣೆಗೆ ಗ್ಯಾಸು ಬಂದಾಗ ಚಿಕ್ಕಪ್ಪನಿಗೆ ಗ್ರಾನೈಟಿನ ಕಟ್ಟೆ ಹಾಕಿಸುವ ಆಸೆಯಾಯಿತು. ಒಲೆ ಮತ್ತು ಅದರ ಮಗ್ಗುಲಿನ ಗೋಡೆಗಳು ಅಡ್ಡ. ಗಾರೆ ಸಿದ್ದರಾಜು ಬಂದು ನೋಡಿ, ಇದನ್ನು ತೆಗೆಯಬೇಕಾದರೆ ಮೇಲಿನಿಂದ ಶುರು ಮಾಡಬೇಕಲ್ಲ ಎಂದನಂತೆ. ಮೇಲಿನದು ಅಣ್ಣನ ಪಾಲು, ಅವನ ಒಂದು ಇಟ್ಟಿಗೆಯನ್ನೂ ಮುಟ್ಟುವ ಗರಜು ತನಗಿಲ್ಲ, ತನ್ನ ಪಾಲಿನದನ್ನು ಮಾತ್ರ ತೆಗಿ ಎಂದು ಚಿಕ್ಕಪ್ಪ ಹೇಳಿದ. ಇದು ಅವನ ಕಣ್ಣಿಗೆ ತುಂಬಾ ಮರ್ಯಾದಸ್ಥರ ಮಾತು. ಪರರ ಪಾಲಿಗೆ ಕೈ ಹಾಕದ ಮನುಷ್ಯ. ಸಿದ್ದರಾಜು ಅಟ್ಟದ ಹಲಗೆಯ ಕೆಳಗೆ ಅಡ್ಡಲಾಗಿ ಒಂದು ಹಳೆಯ ತೊಲೆ ಕೊಟ್ಟು, ಅದರ ಕೆಳಗಿನದನ್ನೆಲ್ಲ ಒಡೆದು ಗಾಡಿಯಲ್ಲಿ ತುಂಬಿಸಿದ. ಮೇಲೆ ಉಳಿದ ತೂತನ್ನು ಪ್ಲೈವುಡ್ಡಿನಿಂದ ಮುಚ್ಚಿ ಬಿಳಿ ಬಣ್ಣ ಬಳಿದರು. ಅಡುಗೆಕೋಣೆ ಟಿವಿಯಲ್ಲಿ ಬರುವಂತೆ ಕಂಡಿತು. ಆ ಬಿಳಿ ಹಲಗೆಯ ಮೇಲೆ, ಯಾರ ಕಣ್ಣಿಗೂ ಬೀಳದಂತೆ, ಅಪ್ಪನ ಪಾಲಿನ ಹೊಗೆಗೂಡು ಕಾಲಿಲ್ಲದೆ ಕೂತಿತ್ತು. ಅದರ ನೇರ ಕೆಳಗೆ, ಕಟ್ಟೆ ಗೋಡೆಗೆ ಅಂಟಿಕೊಂಡು ನಿಂತು ಒಲೆಯಿದ್ದ ನೆಲ ಖಾಲಿಯಾಯಿತಲ್ಲ ಎಂದು ಅಜ್ಜಿ ತನ್ನ ಹಾಸಿಗೆಯನ್ನು ಒಂದು ಮೊಳ ಬಲಕ್ಕೆ ಸರಿಸಿಕೊಂಡಳು. ಕೆಂಡ ಹೋದರೂ ನೆಲಕ್ಕೆ ಬಿಸಿ ಉಳಿದಿದೆ ಎಂದು ಅವಳ ವಾದ.

ವಿಷಯ ತಿಳಿದಾಗ ಅಪ್ಪನಿಗೆ ಒಳಗೊಳಗೇ ಖುಷಿಯಾಯಿತು. ತನ್ನ ಪಾಲನ್ನು ತಮ್ಮ ಮುಟ್ಟಲಿಲ್ಲ ಎಂದರೆ ತನ್ನ ಹಕ್ಕನ್ನು ಒಪ್ಪಿದ ಹಾಗಾಯಿತು. ಈ ಹಕ್ಕನ್ನು ಗಟ್ಟಿಮಾಡಲು ಆ ವರ್ಷದ ಭತ್ತದ ಮೂಟೆಗಳನ್ನೆಲ್ಲ ಹೊಗೆಗೂಡಿಗೆ ಒರಗಿಸಿ ಪೇರಿಸಿದ. ಕೆಳಗಿನವನು ತನ್ನ ಪಾಲಿನ ಬಲವನ್ನು ತೆಗೆದ, ಮೇಲಿನವನು ತನ್ನ ಪಾಲಿನ ಭಾರವನ್ನು ಏರಿಸಿದ. ಇಬ್ಬರೂ ಹಿರಿಯರ ತೀರ್ಪನ್ನು ಅಕ್ಷರಶಃ ಪಾಲಿಸಿದರು. ಮನೆ ಇದನ್ನು ಒಪ್ಪಲಿಲ್ಲ. ಮೊದಲು ಅಡುಗೆಕೋಣೆಯ ಬಾಗಿಲು ಹಟಮಾಡಿತು. ಚೌಕಟ್ಟು ಎಲ್ಲೋ ಒತ್ತಿ, ಎಷ್ಟು ನೂಕಿದರೂ ಮುಚ್ಚದೆ ಒಂದು ಗೇಣು ತೆರೆದೇ ನಿಲ್ಲುತ್ತಿತ್ತು, ಬೆಕ್ಕಿಗೆ ಹಬ್ಬ. ಆಮೇಲೆ ಅಜ್ಜಿಯ ಕಂಬಳಿಯ ಮೇಲೆ ಬೆಳಗಾದರೆ ಸುಣ್ಣದ ಪುಡಿ. ಇಲಿ ಎಂದು ಅವಳು ಕೊಡವುತ್ತಿದ್ದಳು. ಒಂದು ದಿನ ಚಿಕ್ಕಪ್ಪನ ಸಾರಿಗೆ ಹಳೆಯ ಮಸಿಯ ಒಂದು ಹೆಪ್ಪು ಬಿತ್ತು. ಅಣ್ಣ ಬೇಕೆಂದೇ ಅಟ್ಟ ಗುಡಿಸಿ ಕಸ ತಳ್ಳುತ್ತಿದ್ದಾನೆ ಎಂದು ಚಿಕ್ಕಪ್ಪ ನನ್ನನ್ನು ಕಳಿಸಿದ. ತನ್ನ ಅಟ್ಟವನ್ನು ತಾನು ಗುಡಿಸಲು ಯಾರ ಅಪ್ಪಣೆ ಬೇಕು ಎಂದು ಅಪ್ಪ ವಾಪಸ್ಸು ಕಳಿಸಿದ. ಅಪ್ಪ ಹುಟ್ಟಿದಾರಭ್ಯ ಪೊರಕೆ ಹಿಡಿದವನಲ್ಲ. ಆದರೆ ಆಪಾದನೆ ಒಪ್ಪಿಕೊಳ್ಳುವುದು ಅವನಿಗೆ ನಿಜ ಹೇಳುವುದಕ್ಕಿಂತ ಗೌರವದ್ದಾಗಿ ಕಂಡಿತು.

ಒಂದು ಮಧ್ಯಾಹ್ನ ಅವ್ವ ಈರುಳ್ಳಿ ತರಲು ನನ್ನನ್ನು ಅಟ್ಟಕ್ಕೆ ಹತ್ತಿಸಿದಳು. ಅಟ್ಟದಲ್ಲಿ ಸಾಮಾನ್ಯವಾಗಿ ಕತ್ತಲೆ. ಅವತ್ತು ಹೊಗೆಗೂಡಿನ ಬುಡದಲ್ಲಿ ಒಂದು ಬೆಳಕಿನ ಗೆರೆ ಕಂಡಿತು. ಬಗ್ಗಿ ನೋಡಿದರೆ, ಕೊನೆಯ ಸಾಲಿನ ಇಟ್ಟಿಗೆಗೂ ಹಲಗೆಗೂ ನಡುವೆ ನನ್ನ ಬೆರಳು ಹೋಗುವಷ್ಟು ಸಂದು. ಅದರೊಳಗಿನಿಂದ ಕೆಳಗೆ ಅಡುಗೆಕೋಣೆಯ ಟ್ಯೂಬ್‌ಲೈಟು. ಪ್ಲೈವುಡ್ಡು ಒಂದು ಮೂಲೆಯಲ್ಲಿ ಬಾಯಿ ಬಿಟ್ಟಿತ್ತು. ಸಿದ್ದರಾಜು ಕೊಟ್ಟ ತೊಲೆ ಉದ್ದಕ್ಕೆ ಸೀಳಿತ್ತು, ಒಣಗಿದ ತೆಂಗಿನ ಮಟ್ಟೆ ಸೀಳಿದ ಹಾಗೆ. ಅದೇ ಸಂದಿನಲ್ಲಿ ಅಜ್ಜಿಯ ಮೊಣಕೈ, ಬಳೆ, ಎಲೆಯಡಿಕೆಯ ಚೀಲ ಕಾಣುತ್ತಿದ್ದವು. ಈರುಳ್ಳಿ ಬಿಟ್ಟು ಇಳಿದೆ. ಗದ್ದೆಯ ಬದುವಿನ ಮೇಲೆ ಓಡಿ ಅಪ್ಪನಿಗೆ ಹೇಳಿದೆ. ಅಪ್ಪ ನನ್ನ ಮುಖವನ್ನೇ ನೋಡಿದ.

‘ಇದ್ಯಾರ ದನೀಲಾ?’

ಯಾರದೂ ಅಲ್ಲ, ನನ್ನದೇ ಎಂದೆ. ಅವನು ನಗುತ್ತಾ, ಇಂಜಿನಿಯರನ ದನಿ ಮಾಡಿದ್ದು ಚೆನ್ನಾಗಿದೆ, ಸಂಜೆ ಅವ್ವನಿಗೂ ತೋರಿಸು ಎಂದು ನೀರು ಕಟ್ಟಲು ಹೋದ. ಅಲ್ಲಿಂದ ಆಲೆಮನೆಗೆ ಓಡಿ ಚಿಕ್ಕಪ್ಪನಿಗೆ ಹೇಳಿದೆ. ಅವನು ಪಾಕ ತಿರುವುವುದನ್ನು ನಿಲ್ಲಿಸದೆ, ಇದನ್ನು ನಿಮ್ಮಪ್ಪ ಎಷ್ಟು ಹೊತ್ತು ಕೂತು ಹೇಳಿಕೊಟ್ಟ ಎಂದು ಕೇಳಿದ. ನಾನು ಎಲ್ಲರ ದನಿಯಲ್ಲಿ ಮಾತಾಡಿ ಆಡಿ, ನನ್ನ ದನಿ ಹೇಗಿರುತ್ತದೆ ಎಂಬುದು ನಮ್ಮ ಮನೆಯಲ್ಲಿ ಒಬ್ಬರಿಗೂ ತಿಳಿಯದೆ ಹೋಗಿತ್ತು. ನಿಜ ಹೇಳಬೇಕೆಂದರೆ ನನಗೂ.

ಇನ್ನುಳಿದವಳು ಅಜ್ಜಿ. ಅಡುಗೆಕೋಣೆಗೆ ಹೋಗಿ ಅವಳನ್ನು ಎಬ್ಬಿಸಿದೆ. ಊಟವಾದ ಮೇಲಿನ ನಿದ್ದೆ. ಕಣ್ಣು ಬಿಡದೆಯೇ, ಸಂಜೆ ನೋಡೋಣ ಹೋಗು ಎಂದಳು. ಕೈ ಹಿಡಿದು ಎಳೆದರೆ ನನಗಿಂತ ಅವಳೇ ಗಟ್ಟಿ. ಆಗ ನನ್ನ ಬುದ್ಧಿಗೆ ಗೊತ್ತಿದ್ದ ಒಂದೇ ದಾರಿ ಹಿಡಿದೆ. ಅಟ್ಟಕ್ಕೆ ಹತ್ತಿ, ಹೊಗೆಗೂಡಿನ ಪಕ್ಕದ ಸಂದಿಗೆ ಬಾಯಿ ಕೊಟ್ಟೆ. ತಾತ ಸತ್ತಾಗ ನಾನು ಬಹಳ ಸಣ್ಣವನು, ಆದರೆ ಅವನ ದನಿ ಹೇಗಿತ್ತೆಂದು ಊರಿನ ಮುದುಕರಿಂದ ಕೇಳಿ ಕೇಳಿ ಒಂದು ದನಿ ಕಟ್ಟಿಕೊಂಡಿದ್ದೆ. ತಳದಿಂದ ಎತ್ತಿ, ‘ದೇವಮ್ಮಣ್ಣೀ, ಎದ್ದೇಳು, ಅಲ್ಲಿಂದ ಎದ್ದೇಳು’ ಎಂದು ಕೂಗಿದೆ. ಪ್ಲೈವುಡ್ಡು ಗುಂಯ್‌ಗುಟ್ಟಿತು. ನನಗೇ ಮೈ ಜುಮ್ಮೆಂದಿತು. ಕೆಳಗಿನಿಂದ ಎಲೆಯಡಿಕೆ ಉಗಿದ ಸದ್ದಾಯಿತು.

‘ಪರ್ಸಾದಾ, ನಿಮ್ ತಾತ ಸಾಯೋಗಂಟ ನನ್ನ ಎಸರಿಡ್ದು ಕೂಗ್ನಿಲ್ಲ ಕಣ್ಲಾ. ಏ ಇವ್ಳೇ ಅಂತಿದ್ದ. ಸರ್ಯಾಗಿ ಕಲ್ತ್ಕಂಡು ಬಾ ಓಗು.’

ಅಷ್ಟರಲ್ಲಿ ನನ್ನ ಮೊಣಕಾಲಿನ ಕೆಳಗೆ ಹಲಗೆ ಒಮ್ಮೆ ‘ಟಕ್’ ಎಂದಿತು. ದೊಡ್ಡ ಸದ್ದೇನಲ್ಲ, ಯಾರೋ ಬೆರಳು ಲಟಿಕೆ ತೆಗೆದಂತೆ. ಸಂದು ಒಂದಿಷ್ಟು ಅಗಲವಾಯಿತು. ಆಮೇಲೆ ನನ್ನ ಬಾಯಿಂದ ಬಂದದ್ದು ಯಾರ ದನಿಯೂ ಆಗಿರಲಿಲ್ಲ. ಅದು ಸೀಳಿತ್ತು, ಮೂಗಿನಲ್ಲಿ ನೀರು ತುಂಬಿಕೊಂಡಿತ್ತು, ಕೇಳಲು ಅಸಹ್ಯವಾಗಿತ್ತು. ಸ್ಟೇಜಿನ ಮೇಲೆ ಅದನ್ನು ಮತ್ತೆ ತರಲು ಎಷ್ಟೋ ಸಲ ನೋಡಿದ್ದೇನೆ, ಆಗಿಲ್ಲ.

‘ಅಜ್ಜೀ, ಬೀಳ್ತದೆ ಕಣಜ್ಜಿ. ನೀ ಸತ್ತೋಯ್ತೀಯೆ. ಎದ್ದೇಳಜ್ಜೀ.’

 ಕೆಳಗೆ ಬಳೆಗಳ ಸದ್ದು, ಚಾಪೆ ಸುತ್ತುವ ಸದ್ದು. ನಾನು ಏಣಿಯಿಂದ ಜಾರಿ ಬೀಳುವಂತೆ ಇಳಿದು ಬರುವಷ್ಟರಲ್ಲಿ ಅವಳು ಹಾಸಿಗೆ ಸುತ್ತಿಕೊಂಡು ತೊಟ್ಟಿಯ ಬಿಸಿಲಿನಲ್ಲಿ ನಿಂತು, ಬಾಗಿಲಿನಿಂದಲೇ ಆ ಬಿಳಿ ಹಲಗೆಯನ್ನು ನೋಡುತ್ತಿದ್ದಳು. ನನ್ನ ಮುಖ ಕಂಡು ಸೆರಗಿನಿಂದ ಮೂಗು ಒರೆಸಿದಳು. ಚಿಕ್ಕವ್ವನನ್ನೂ ಅವ್ವನನ್ನೂ ಕರೆದು, ಇನ್ನು ಯಾರೂ ಒಳಗೆ ಕಾಲಿಡಬೇಡಿ ಎಂದಳು. ಆಮೇಲೆ ಮಾಡಿದ ಕೆಲಸವನ್ನು ಊರಿನ ಹಿರಿಯರು ನಾಲ್ಕು ಜನ ಕೂತರೂ ಯೋಚಿಸಲಾರರು. ನೀರಿನ ತೊಟ್ಟಿಯ ಬಳಿ ತೊಳೆದಿಟ್ಟಿದ್ದ ತನ್ನ ಊಟದ ತಟ್ಟೆಯನ್ನು ಎತ್ತಿಕೊಂಡು, ಎಲ್ಲರಿಗೂ ಕಾಣುವಂತೆ ಎದೆಯ ಮುಂದೆ ಹಿಡಿದುಕೊಂಡು, ಬೀದಿಗಿಳಿದು ಎದುರುಮನೆ ಕೆಂಪಮ್ಮನ ಜಗಲಿಯ ಮೇಲೆ ಹೋಗಿ ಕೂತಳು. ಎರಡು ಜನ ಗಂಡುಮಕ್ಕಳಿರುವ ದೇವಮ್ಮಣ್ಣಿ ಎದುರುಮನೆಯ ಜಗಲಿಯ ಮೇಲೆ ಖಾಲಿ ತಟ್ಟೆ ಹಿಡಿದು ಕೂತಿದ್ದಾಳೆ ಎಂಬ ಸುದ್ದಿ ಗದ್ದೆಗೂ ಆಲೆಮನೆಗೂ ನಾನು ಓಡಿದ್ದಕ್ಕಿಂತ ಬೇಗ ಓಡಿತು. ಪಾಕವನ್ನು ಒಲೆಯ ಮೇಲೇ ಬಿಟ್ಟು ಚಿಕ್ಕಪ್ಪ ಬಂದ. ಕೆಸರು ಕಾಲಿನಲ್ಲಿ ಅಪ್ಪ ಬಂದ. ಇಬ್ಬರೂ ಜಗಲಿಯ ಎರಡು ತುದಿಯಲ್ಲಿ ನಿಂತರು. ಕೆಂಪಮ್ಮ ಪಾಪ, ಮುದ್ದೆ ಇಕ್ಕಲೋ ಬೇಡವೋ ಎಂದು ಬಾಗಿಲಲ್ಲಿ ಕೈ ಹಿಸುಕುತ್ತಿದ್ದಳು. ಅಜ್ಜಿ ಯಾರ ಮುಖವನ್ನೂ ನೋಡದೆ ತಟ್ಟೆಗೆ ಹೇಳುವಂತೆ ಹೇಳಿದಳು.

‘ಈ ಮನೆ ತಿಂಗ್ಳೂ ಮುಗೀತು, ಆ ಮನೆ ತಿಂಗ್ಳೂ ಮುಗೀತು. ಇನ್ನು ಕೆಂಪಮ್ಮನ ಮನೆ ತಿಂಗ್ಳು. ನಿಮ್ಮಪ್ಪ ಕಟ್ಟಿದ್ದು ಒಂದೇ ಒಗೆಗೂಡು. ಇಬ್ರೂ ಸೇರಿ ಇಳ್ಸಿ. ಆಮೇಲೆ ನನ್ನ ತಟ್ಟೆ ಮಾತು.’

ಅವತ್ತು ನಾನು ಕಂಡದ್ದನ್ನು ಈಗಲೂ ನೆನೆಸಿಕೊಂಡು ನಗುತ್ತೇನೆ. ಚಿಕ್ಕಪ್ಪ ಬಂದು ನಮ್ಮ ಏಣಿಯ ಬುಡದಲ್ಲಿ ನಿಂತ. ಹತ್ತಲು ಅಪ್ಪಣೆ ಬೇಕು, ಕೇಳಲು ಮಾತಿಲ್ಲ. ಅಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದ. ಅಷ್ಟೇ ಅಪ್ಪಣೆ. ಚಿಕ್ಕಪ್ಪ ಹತ್ತಿ, ಮೂಟೆಗಳನ್ನೂ ಸಂದನ್ನೂ ನೋಡಿ, ಬಹಳ ಹೊತ್ತು ಇಳಿಯಲೇ ಇಲ್ಲ. ಆಮೇಲೆ ಅಪ್ಪ ಅಡುಗೆಕೋಣೆಯ ಹೊಸ್ತಿಲಿನಲ್ಲಿ ನಿಂತ. ಬೇರೆಯಾದ ಮೇಲೆ ಅವನು ಅಲ್ಲಿಗೆ ಬಂದದ್ದು ಅದೇ ಮೊದಲು. ಒಲೆಯೂ ಗೋಡೆಗಳೂ ಇಲ್ಲದ ಮೂಲೆಯನ್ನು ನೋಡಿ, ಕತ್ತೆತ್ತಿ ಸೀಳಿದ ತೊಲೆಯನ್ನು ನೋಡಿ, ಕೊನೆಗೆ ನೆಲದ ಮೇಲೆ ಅಜ್ಜಿಯ ಹಾಸಿಗೆಯಿಂದಾದ ಮಾಸಲು ಗುರುತನ್ನು ನೋಡಿದ. ಅವನ ಮೂಗಿನಿಂದ ‘ಹ್ಞೂಂ’ ಹೊರಡಲಿಲ್ಲ. ಅದು ಹೊರಡದೆ ಇದ್ದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಇಬ್ಬರೂ ತಮ್ಮ ತಮ್ಮ ಪಾಲನ್ನು ಮಾತ್ರ ನೋಡಿಕೊಂಡು ಬದುಕಿದ್ದರು. ಇನ್ನೊಬ್ಬನ ಪಾಲಿನಲ್ಲಿ ನಿಂತು ನೋಡಿದ ಮೇಲೆಯೇ ಅವರಿಗೆ ತಮ್ಮ ಅವ್ವ ಯಾವುದರ ಕೆಳಗೆ ಮಲಗುತ್ತಿದ್ದಳು ಎಂಬುದು ತಿಳಿದದ್ದು.

ಸಿದ್ದರಾಜುವನ್ನು ಕರೆಸಿದರು. ಅವನು ಬರುವಾಗಲೇ ತಪ್ಪಿಸಿಕೊಳ್ಳುವ ಮುಖ ಹಾಕಿಕೊಂಡು ಬಂದ. ‘ತೊಲೆ ಕೆಳಗ್ಲುದ್ನ ತೆಗಿ ಅಂದ್ರಿ, ತೆಗ್ದೆ ಸಾ. ಮೇಲ್ಗಡೇದು ಬ್ಯಾರೇವ್ರುದು ಅಂದ್ರಿ’ ಎಂದ. ಆದರೂ ಒಲೆ ಒಡೆದ ಮೇಲೆ ಯಾವಾಗ ನಮ್ಮ ಮನೆಗೆ ಬಂದರೂ ಅವನು ಆ ಬಿಳಿ ಹಲಗೆಯ ಕೆಳಗೆ ಬರದೆ ಕಾಫಿಯನ್ನು ಬಾಗಿಲಾಚೆಯೇ ನಿಂತು ಕುಡಿಯುತ್ತಿದ್ದುದು ಯಾಕೆ ಎಂದು ಆಗ ಚಿಕ್ಕವ್ವನಿಗೆ ಅರ್ಥವಾಯಿತು. ಬೈದು ಪ್ರಯೋಜನವಿರಲಿಲ್ಲ. ಯಳಂದೂರಿನಿಂದ ಮೋಲ್ಡಿಂಗ್ ಕೆಲಸಕ್ಕೆ ಬಳಸುವ ಕಬ್ಬಿಣದ ಜಾಕಿಗಳನ್ನೂ ಸರ್ವೆ ಮರಗಳನ್ನೂ ಬಾಡಿಗೆಗೆ ತಂದರು. ಮಾರನೆಯ ಬೆಳಿಗ್ಗೆ ಕೆಲಸ ಶುರುವಾಯಿತು. ಮೊದಲು ತೊಲೆಗೂ ಹಲಗೆಗೂ ಒತ್ತು ಕೊಟ್ಟರು. ಜಾಕಿಯ ತಿರುಪು ಒಂದೊಂದು ಸುತ್ತು ತಿರುಗಿದಾಗಲೂ ಅವ್ವ ಮನೆದೇವರಿಗೆ ಹೊಸ ಹೊಸ ಹರಕೆ ಹೊರುತ್ತಿದ್ದಳು. ಆಮೇಲೆ ಭತ್ತದ ಮೂಟೆಗಳು ಇಳಿದವು. ನಮ್ಮ ಕೋಣೆಗಳಲ್ಲಿ ಜಾಗವಿಲ್ಲದೆ ಅವು ಚಿಕ್ಕಪ್ಪನ ನಡುಮನೆಗೆ ಹೋಗಿ ಕೂತವು. ಕೊನೆಗೆ ಸಿದ್ದರಾಜು ಸೂರಿನ ಮೇಲಕ್ಕೆ ಹತ್ತಿ, ಆಕಾಶದ ತುದಿಯಿಂದ ಒಂದೊಂದೇ ಇಟ್ಟಿಗೆ ಬಿಡಿಸಿ ಅಪ್ಪನಿಗೆ ಕೊಡುವುದು, ಅಪ್ಪ ಹೊಗೆಗೂಡಿನ ಮಗ್ಗುಲಿಗೆ ಎರಡು ಹಲಗೆ ಎತ್ತಿ ಮಾಡಿದ ತೂತಿನಿಂದ ಕೆಳಗೆ ಕೊಡುವುದು, ಚಿಕ್ಕಪ್ಪ ಸ್ಟೂಲಿನ ಮೇಲೆ ನಿಂತು ಕೈಚಾಚಿ ತೆಗೆದುಕೊಳ್ಳುವುದು, ಅವ್ವ ಚಿಕ್ಕವ್ವ ಹಿತ್ತಲಿಗೆ ಸಾಗಿಸುವುದು ಎಂದಾಯಿತು. ನಾನು ಎಲ್ಲಿ? ಅಡುಗೆಕೋಣೆಯೊಳಗೆ ತಂದು ನಿಲ್ಲಿಸಿದ್ದ ಏಣಿಯ ನಡುವಿನ ಮೆಟ್ಟಿಲ ಮೇಲೆ, ನನ್ನ ಹಳೆಯ ಉದ್ಯೋಗದಲ್ಲಿ. ಹಿಡಿದುಕೊಂಡನಾ ಕೇಳು ಎಂದು ಅಪ್ಪ ನನಗೆ ಹೇಳುತ್ತಿದ್ದ. ಮೂಗಿನಲ್ಲಿ ‘ಹ್ಞೂಂ’ ಹಾಕಿ ನಾನು ಕೆಳಕ್ಕೆ ಕೇಳುತ್ತಿದ್ದೆ. ಹಿಡಿದುಕೊಂಡೆ ಅನ್ನು ಎಂದು ಚಿಕ್ಕಪ್ಪ. ಕೋಳಿದನಿಯಲ್ಲಿ ನಾನು ಮೇಲಕ್ಕೆ. ಒಂದು ಇಟ್ಟಿಗೆಗೆ ನಾಲ್ಕು ಮಾತು. ಹೀಗೇ ಹೋದರೆ ಮುಂದಿನ ಸುಗ್ಗಿಗೆ ಮುಗಿಯುತ್ತದೆ ಎಂದು ಸಿದ್ದರಾಜು ಸೂರಿನ ಮೇಲಿನಿಂದ ಗೊಣಗಿದ.

ಮಸಿಯಲ್ಲಿ ಎಲ್ಲರೂ ಕರಿಯಾಗಿದ್ದರು. ಕೈಗಳು ಜಾರುತ್ತಿದ್ದವು. ಒಂದು ಇಟ್ಟಿಗೆಯ ಹೊತ್ತಿಗೆ ನನಗೆ ಸೀನು ಬಂತು. ನಾನು ಸೀನಿ ಮುಗಿಸಿ ಅಪ್ಪನ ದನಿ ಹುಡುಕಿಕೊಳ್ಳುವಷ್ಟರಲ್ಲಿ ಇಟ್ಟಿಗೆ ಅಪ್ಪನ ಕೈ ಬಿಟ್ಟಿತ್ತು. ಅದು ಚಿಕ್ಕಪ್ಪನ ಕಿವಿಯ ಪಕ್ಕದಲ್ಲಿ ಹಾದು, ಅಜ್ಜಿಯ ಹಾಸಿಗೆಯ ಗುರುತಿನ ಮೇಲೆ ಬಿದ್ದು ಎರಡು ಹೋಳಾಯಿತು. ಮೇಲೆ ತೂತಿನೊಳಗೆ ಅಪ್ಪನ ಮಸಿಮುಖ ಮೂಡಿತು.

‘ಗುರೂ, ಏಟಾಯ್ತಾ?’

‘ಇಲ್ಲ ಕಣಣ್ಣ. ಬುಡು, ಇನ್ನೊಂದ ಬುಡು.’

ನಾನು ಅಭ್ಯಾಸಬಲದಿಂದ, ಕೋಳಿದನಿಯನ್ನು ಸರಿಯಾಗಿ ಒಡೆಸಿ, ‘ಇಲ್ಲ ಕಣಣ್ಣ, ಬುಡು’ ಎಂದು ಮೇಲಕ್ಕೆ ದಾಟಿಸಿದೆ. ಮೇಲಿನಿಂದಲೂ ಕೆಳಗಿನಿಂದಲೂ ಒಟ್ಟಿಗೆ ಬಂತು:

‘ನೀ ಸುಮ್ಗಿರ್ಲಾ.’

ಅಲ್ಲಿಗೆ ನನ್ನ ಉದ್ಯೋಗ ಹೋಯಿತು. ಹಿತ್ತಲ ಬಾಗಿಲಲ್ಲಿ ಇಟ್ಟಿಗೆ ಹಿಡಿದು ನಿಂತಿದ್ದ ಅವ್ವನೂ ಚಿಕ್ಕವ್ವನೂ ಒಬ್ಬರನ್ನೊಬ್ಬರು ನೋಡಿಕೊಂಡರು. ಚಿಕ್ಕವ್ವ ತಮಿಳಿನಲ್ಲಿ ಏನೋ ಹೇಳಿ ನಕ್ಕಳು, ನಗುತ್ತಾ ನಗುತ್ತಾ ಕಣ್ಣೊರೆಸಿಕೊಂಡಳು, ಮುಖದ ಮೇಲೆ ಬಿಳಿಯ ಪಟ್ಟೆ ಮೂಡಿತು. ಆಮೇಲೆ ಕೆಲಸ ಓಡಿತು. ಇಡ್ಕೋ, ಬುಡು, ನಿಧಾನ, ಇದು ದಪ್ಪ ಅದೆ, ಎಡಕ್ಕೆ ಬಾ. ಅಣ್ಣತಮ್ಮಂದಿರು ಅಷ್ಟು ದಿನ ಕೂಡಿಟ್ಟಿದ್ದ ಮಾತೆಲ್ಲ ಇಟ್ಟಿಗೆಯ ಮಾತಾಗಿಯೇ ಹೊರಬಂತು. ಒಬ್ಬರೂ ಹಳೆಯದನ್ನು ಎತ್ತಲಿಲ್ಲ, ಕ್ಷಮೆ ಕೇಳುವ ಕಾರ್ಯಕ್ರಮವೂ ಇರಲಿಲ್ಲ. ಸಂಜೆಯ ಹೊತ್ತಿಗೆ ಕೊನೆಯ ಸಾಲು ಬಿಡಿಸಿ, ಸೀಳಿದ ತೊಲೆಯನ್ನು ಜಾಕಿಗಳ ಮೇಲಿಂದ ಹುಷಾರಾಗಿ ಎಳೆದು ಹಾಕಿದಾಗ, ಮನೆ ಒಮ್ಮೆ ಮೈಮುರಿದಂತೆ ಸದ್ದು ಮಾಡಿತು. ಎಲ್ಲರೂ ತೊಟ್ಟಿಗೆ ಓಡಿದೆವು. ಏನೂ ಬೀಳಲಿಲ್ಲ. ಬದಲಿಗೆ ಅಡುಗೆಕೋಣೆಯ ಆ ಹಟಮಾರಿ ಬಾಗಿಲು, ಯಾರೂ ಮುಟ್ಟದೆ, ಗಾಳಿಗೆ ಮೆಲ್ಲಗೆ ಸರಿದು ಚೌಕಟ್ಟಿಗೆ ಹೋಗಿ ಕೂತಿತು. ಚಿಕ್ಕವ್ವ ಹೋಗಿ ತೆರೆದಳು, ಮುಚ್ಚಿದಳು. ಅವ್ವ ಹೋಗಿ ತೆರೆದಳು, ಮುಚ್ಚಿದಳು. ಅಪ್ಪನೂ ಒಮ್ಮೆ ನೋಡಿದ. ಆ ಬಾಗಿಲು ಮುಚ್ಚಿಕೊಂಡ ಸದ್ದಿಗಿಂತ ಇಂಪಾದ ಸದ್ದನ್ನು ನಾನು ಇವತ್ತಿನವರೆಗೆ ಯಾವ ಮೈಕಿನಲ್ಲೂ ಮಾಡಲಾಗಿಲ್ಲ.

ಕೆಂಪಮ್ಮನ ಮನೆಯ ತಿಂಗಳು ಒಂದು ದಿನಕ್ಕೇ ಮುಗಿಯಿತು. ಅಜ್ಜಿ ತಟ್ಟೆಯೊಂದಿಗೆ ಬಂದು, ಖಾಲಿ ತೂತಿನ ಕೆಳಗೆ ನಿಂತು, ಮೇಲೆ ಕಾಣುತ್ತಿದ್ದ ಆಕಾಶವನ್ನು ನೋಡಿದಳು. ಅಡುಗೆಕೋಣೆ ಮಸಿಮಯವಾಗಿದ್ದರಿಂದ ಅವತ್ತಿನ ಮುದ್ದೆಯನ್ನು ಎರಡೂ ಮನೆಯವರು ತೊಟ್ಟಿಯಲ್ಲೇ ಉಂಡೆವು. ಮಾರನೆಯ ದಿನದಿಂದ ಮತ್ತೆ ಒಲೆಗಳು ಬೇರೆ ಬೇರೆಯೇ. ಹಾಗೆಲ್ಲ ಮನೆ ಒಂದಾಗಿಬಿಟ್ಟಿತು ಎಂದು ಬರೆದರೆ ಇದನ್ನು ಓದುವ ಹೊನ್ನೂರಿನವರು ನನ್ನನ್ನು ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ನಿಲ್ಲಿಸುತ್ತಾರೆ. ಕಬ್ಬು ಈಗಲೂ ಅರ್ಧ ಫ್ಯಾಕ್ಟರಿಗೆ, ಅರ್ಧ ಆಲೆಮನೆಗೆ. ಇಟ್ಟಿಗೆಗಳು ಯಾರ ಪಾಲು ಎಂಬ ಮಾತು ಶುರುವಾಗುವ ಮೊದಲೇ ಅಜ್ಜಿ ಅವು ತನ್ನವು ಎಂದುಬಿಟ್ಟಳು. ಹಿತ್ತಲಲ್ಲಿ ರಾಶಿಯಾಗಿ ಬಿದ್ದಿವೆ, ಮೇಲೆ ಹೀರೆಬಳ್ಳಿ ಹಬ್ಬಿದೆ. ತೂತಿದ್ದ ಜಾಗಕ್ಕೆ ಹಲಗೆ ಹಾಕದೆ, ಸೂರಿಗೆ ಎರಡು ಗಾಜಿನ ಹೆಂಚು ಹೊದಿಸಿದರು. ಬೆಳಕು ನೇರವಾಗಿ ಅಜ್ಜಿಯ ಜಾಗಕ್ಕೆ ಬೀಳಲಿ ಎಂಬುದು ಇಬ್ಬರೂ ಗಂಡುಮಕ್ಕಳು ಒಟ್ಟಿಗೆ ತೆಗೆದುಕೊಂಡ ಮೊದಲ ತೀರ್ಮಾನ. ಅದನ್ನು ಅವರು ಬಹಳ ಪ್ರೀತಿಯಿಂದ ಮಾಡಿದ್ದರು.

ಒಂದು ವಾರವಾಗಿರಬಹುದು. ಮಧ್ಯಾಹ್ನ ನಾನು ಜಗಲಿಯ ಮೇಲೆ ಹೋಮ್‌ವರ್ಕಿನ ನೆಪದಲ್ಲಿ ಕೂತಿದ್ದೆ. ಒಳಗಿನಿಂದ ಅಜ್ಜಿ ಇಬ್ಬರನ್ನೂ ಹೆಸರು ಹಿಡಿದು ಕೂಗಿದಳು. ಇಬ್ಬರೂ ಎರಡು ಕಡೆಯಿಂದ ಓಡಿ ಬಂದರು. ಮತ್ತೆ ಏನು ಬಿರುಕು ಬಿಟ್ಟಿತೋ ಎಂದು ಅವರ ಮುಖ ಬಿಳುಚಿಕೊಂಡಿತ್ತು. ಅಜ್ಜಿ ಹಾಸಿಗೆಯ ಮೇಲೆ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಕೂತಿದ್ದಳು. ಗಾಜಿನ ಹೆಂಚಿನಿಂದ ಬಿಸಿಲು ಅವಳ ಕಣ್ಣಿಗೇ ಹೊಡೆಯುತ್ತಿತ್ತು.

‘ಆ ಒಗೆಗೂಡೇ ವಾಸಿಯಾಗಿತ್ತು ಕಣ್ರಲಾ. ನೆರಳಾದ್ರೂ ಇತ್ತು.’

ಅಪ್ಪ ಗೋಣಿ ಹೊದಿಸೋಣ ಎಂದ. ಗೋಣಿ ಮಳೆಗೆ ಕೊಳೆಯುತ್ತದೆ, ಗಾಜಿಗೆ ಬಣ್ಣ ಬಳಿಯೋಣ ಎಂದು ಚಿಕ್ಕಪ್ಪ. ಬಣ್ಣ ಬಳಿಯುವುದಾದರೆ ಗಾಜು ಯಾಕೆ ತಂದೆ ಎಂದು ಅಪ್ಪ. ತಂದವನು ನಾನಾ, ನೀನು ತಾನೇ ಗಾಜು ಗಾಜು ಅಂತ ಕುಣಿದವನು ಎಂದು ಚಿಕ್ಕಪ್ಪನ ದನಿ ಮೇಲೇರಿತು, ಏರಿ ಏರಿ ಕೊನೆಯಲ್ಲಿ ಕೋಳಿಯಂತೆ ಒಡೆಯಿತು. ಅಪ್ಪನ ಮೂಗಿನಲ್ಲಿ ‘ಹ್ಞೂಂ’ ಎಂದಿತು. ಅಜ್ಜಿ ಇಬ್ಬರ ನಡುವೆ ಕಣ್ಣು ಮುಚ್ಚಿ ಕೂತು ಎಲೆಗೆ ಸುಣ್ಣ ಸವರುತ್ತಿದ್ದಳು. ಅಭ್ಯಾಸದಿಂದ ಎದ್ದು ನಿಂತಿದ್ದ ನಾನು ಮತ್ತೆ ಕೂತುಕೊಂಡೆ. ಜಗಳ ನೇರವಾಗಿ ನಡೆಯುತ್ತಿತ್ತು. ಯಾರೂ ನನ್ನನ್ನು ಕರೆಯಲಿಲ್ಲ.